ಕುರ್ಚಿ ಬಿಡದ ಮಧ್ಯಾಹ್ನ

ಅಗ್ನಿಶಾಮಕ ದಳದಲ್ಲಿದ್ದಾಗ ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಾರಿ ಇಳಿಯುತ್ತಿದ್ದನೆಂದು ಅವನಿಗೆ ಓಟದಣ್ಣ ಅಂತ ಹೆಸರು ಬಿದ್ದಿತ್ತು. ಹಾಗೆ ಹಾರಿಯೇ ಒಂದು ದಿನ ಮಂಡಿಚಿಪ್ಪು ಕಳೆದುಕೊಂಡ. ಓಡಲಾಗದವನನ್ನು ಏನು ಮಾಡುವುದೆಂದು ಮೇಲಿನವರು ತಲೆ ಕೆರೆದುಕೊಂಡು, ಕಡೆಗೆ ನಗರದ ತುರ್ತು ನಿಯಂತ್ರಣ ಕೊಠಡಿಯಲ್ಲಿ ಮುಖ್ಯಸ್ಥ ಅಂತ ಕೂರಿಸಿದರು. ಗೋಡೆ ತುಂಬ ಊರಿನ ನಕ್ಷೆ, ಮೇಜಿನ ಮೇಲೆ ಸಾಲಾಗಿ ಫೋನು, ಒಂದು ಮೈಕು, ಒಂದು ಕೈ ಮುರಿದ ಕುರ್ಚಿ. ಕಾಲು ಹೋಗಿತ್ತು, ಹೆಸರು ಮಾತ್ರ ಹಾಗೇ ಉಳಿದಿತ್ತು.

ಆ ಕುರ್ಚಿ ಖಾಯಂ ಆಗಬೇಕಾದರೆ ವಿಪತ್ತು ನಿರ್ವಹಣೆಯ ಒಂದು ತರಬೇತಿ ಮುಗಿಸಬೇಕಿತ್ತು. ಇಲ್ಲದಿದ್ದರೆ ಹಳೆಯ ಪೈಪು, ಹೆಲ್ಮೆಟ್ಟುಗಳ ಉಗ್ರಾಣಕ್ಕೆ ವರ್ಗ. ತರಬೇತಿಗೆ ಕ್ಲಾಸಿಲ್ಲ, ಮೇಷ್ಟರಿಲ್ಲ. ಕಂಪ್ಯೂಟರ್ ಮುಂದೆ ಕೂತು ತನಗೆ ಹೊಂದುವ ವೇಗದಲ್ಲಿ ಕಲಿಯುವುದು. ಓಟದಣ್ಣನ ವೇಗ ಕೇಳಬೇಕೆ? ಪಾಠಗಳನ್ನೆಲ್ಲ ಹಿಂದೆ ನಾಯಿ ಅಟ್ಟಿಸಿಕೊಂಡು ಬಂದವನ ಹಾಗೆ ದಾಟಿದ. ಸಿಕ್ಕಿಬಿದ್ದದ್ದು ಕೊನೆಯ ಅಭ್ಯಾಸದಲ್ಲಿ.

ಪರದೆಯ ಮೇಲೆ ಒಂದು ಕಲ್ಪನೆಯ ಊರು. ಅಲ್ಲೊಂದು ಅನಾಹುತ. ಯಾರನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಹಾಕುತ್ತಾ ಹೋಗಬೇಕು. ಅವನು ಗಾಡಿಗಳನ್ನು, ಆಂಬುಲೆನ್ಸನ್ನು, ಪೊಲೀಸರನ್ನು ಅಚ್ಚುಕಟ್ಟಾಗಿ ಜೋಡಿಸುತ್ತಿದ್ದ. ಆಮೇಲೆ ಕೈ ತಡೆಯದೆ ತನ್ನನ್ನೂ ಎತ್ತಿ ಸ್ಥಳದಲ್ಲಿ ಇಟ್ಟುಬಿಡುತ್ತಿದ್ದ. ಕೂಡಲೇ ಪರದೆ ಕೇಳುತ್ತಿತ್ತು: ಈಗ ನಿಯಂತ್ರಣ ಕೊಠಡಿಯಲ್ಲಿ ಯಾರಿದ್ದಾರೆ? ಮತ್ತೆ ಮೊದಲಿನಿಂದ ಶುರು.

"ಇವತ್ತೂ ಓಡಿದ್ರಾ?" ಹೆಂಡತಿ ಬಟ್ಟೆ ಮಡಚುತ್ತಾ ಕೇಳುತ್ತಿದ್ದಳು.

"ಎಲ್ಲಾ ಸರಿಯಾಗೇ ಹಾಕಿದ್ದೆ ಕಣೇ. ಒಂದ್ ಸಲ ಹೋಗಿ ನೋಡ್ಕೊಂಡು ಬಂದ್ಬಿಡೋಣ ಅಂತ..."

"ಕಂಪ್ಯೂಟರ್ ಒಳಗಿನ ಬೆಂಕಿಗೂ ಓಡ್ತೀರಲ್ರೀ! ಅದಕ್ಕೂ ಮಂಡಿಗೆ ಎಣ್ಣೆ ತಿಕ್ಬೇಕಾ ನಾನು?"

ನಗುವವರಲ್ಲಿ ಅವನ ಅಕ್ಕ ಮಾತ್ರ ಇರಲಿಲ್ಲ. ಅವಳು ಐಸ್ ಫ್ಯಾಕ್ಟರಿಯ ಹಿಂದಿನ ಗಲ್ಲಿಯ ಮಹಡಿಯಲ್ಲಿ ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಿದ್ದಳು. ತಮ್ಮ ಬೆಂಕಿಯೊಳಗೆ ನುಗ್ಗುವವನು ಎಂದು ಬಂದವರಿಗೆಲ್ಲ ಹೇಳಿಕೊಂಡು ಬೀಗಿದವಳು. ಕೂರುವ ಕೆಲಸ ಸಿಕ್ಕಿತು ಎಂದಾಗ ಮೂಗು ಮುರಿದಿದ್ದಳು.

"ಜನ ಉರಿದು ಹೋಗ್ತಿದ್ರೆ ನೀನು ಫೋನ್ ಹಿಡ್ಕೊಂಡು ಹಲೋ ಹಲೋ ಅಂತಿರ್ತೀಯೇನೋ?"

"ನಿನ್ನ ಕಡೆಯಿಂದ ಫೋನ್ ಬಂದ್ರೆ ಓಡಿ ಬರ್ತೀನಿ ಬಿಡಕ್ಕ," ಎಂದು ಅವನು ಸಮಾಧಾನ ಹೇಳಿದ್ದ. ಹೇಳುವಾಗ ಅದು ಸುಲಭದ ಮಾತಾಗಿತ್ತು.

ಒಂದು ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು ಬರುವಷ್ಟರಲ್ಲಿ ಕರೆ ಬಂತು. ಐಸ್ ಫ್ಯಾಕ್ಟರಿ ಎದುರಿನ ಕ್ಷೌರದಂಗಡಿಯವನು ಕೆಮ್ಮುತ್ತಾ ಮಾತಾಡಿದ: ಮೂಗು ಸೀಳುವ ಘಾಟು, ಕಣ್ಣು ಬಿಡಲಾಗುತ್ತಿಲ್ಲ. ಓಟದಣ್ಣನಿಗೆ ಮುಂದಿನ ಮಾತು ಬೇಕಿರಲಿಲ್ಲ. ನೀರು ಹೆಪ್ಪುಗಟ್ಟಿಸಲು ಬಳಸುವ ಅಮೋನಿಯಾ ಸೋರಿದೆ. ಅಗ್ನಿಶಾಮಕ ಠಾಣೆಯ ಮೇಡಂ, ಅವನ ಜಾಗಕ್ಕೆ ಬಂದಿದ್ದ ಅಧಿಕಾರಿ, ಗಾಡಿ ತೆಗೆದುಕೊಂಡು ಹೊರಟಾಯಿತು. ಅಷ್ಟರಲ್ಲಿ ಅವನ ಸ್ವಂತ ಮೊಬೈಲು ಹೊಡೆದುಕೊಂಡಿತು.

"ಲೋ, ಇಲ್ಲೇನೋ ಕೆಟ್ಟ ವಾಸನೆ ಕಣೋ. ಹುಡುಗೀರೆಲ್ಲ ಕೆಮ್ತಿದಾರೆ. ಬೇಗ ಬಾ!"

"ಅಕ್ಕ, ಕೆಳಗೆ ಇಳೀಬೇಡಿ. ಕಿಟಕಿ ಬಾಗಿಲು ಹಾಕು. ಸಂದೀಗೆಲ್ಲ ಬಟ್ಟೆ ಒದ್ದೆ ಮಾಡಿ ತುರುಕು. ಮೂಗಿಗೂ ಒದ್ದೆ ಬಟ್ಟೆ ಹಿಡ್ಕೊಳ್ಳಿ."

"ಅದೆಲ್ಲ ಮಾಡ್ತೀನಿ. ನೀನು ಬರ್ತೀಯೋ ಇಲ್ವೋ, ಅದು ಹೇಳು."

ಅವನು ಆಗಲೇ ಎದ್ದು ನಿಂತಿದ್ದ. ಬೈಕಿನ ಕೀ ಕೈಯಲ್ಲಿತ್ತು. ಅದು ಕೈಗೆ ಯಾವಾಗ ಬಂತೆಂದು ಅವನಿಗೇ ತಿಳಿಯದು.

ಪಕ್ಕದ ಮೇಜಿನ ವೈರ್‌ಲೆಸ್ಸಮ್ಮ ಕಿವಿಯಿಂದ ಹೆಡ್‌ಫೋನ್ ಸರಿಸಿದಳು. ಆ ಕೊಠಡಿಯಲ್ಲೇ ತಲೆ ನೆರೆದವಳು.

"ಎಲ್ಲಿಗಣ್ಣಾ?"

"ನಮ್ಮಕ್ಕ ಅಲ್ಲಿದಾಳೆ."

"ಹೋಗಿ ಬನ್ನಿ. ಬೇಡ ಅನ್ನೋಕೆ ನಾನ್ಯಾರು? ಆದ್ರೆ ಎಲ್ಲಾ ಫೋನೂ ಒಟ್ಟಿಗೆ ಹೊಡ್ಕೊಳ್ತಿವೆ, ಮೇಡಂ ವೈರ್‌ಲೆಸ್‌ನಲ್ಲಿ ಕರೀತಿದಾರೆ. ನಾನು ಯಾವುದನ್ನ ಎತ್ಲಿ, ಯಾವುದನ್ನ ಬಿಡ್ಲಿ, ಅಷ್ಟು ಹೇಳಿ ಹೋಗಿ."

ಕಂಪ್ಯೂಟರ್ ಕೇಳಿದ್ದರೆ ಬೈದು ಮುಚ್ಚಿಡಬಹುದಿತ್ತು. ಇವಳನ್ನು ಬೈಯಲು ಬಾಯಿ ಬರಲಿಲ್ಲ. ಓಟದಣ್ಣ ಕುರ್ಚಿಯಲ್ಲಿ ಕುಸಿದ.

"ಬರಲ್ಲ ಅಕ್ಕ. ನಮ್ಮವರನ್ನ ಕಳಿಸ್ತೀನಿ. ಫೋನ್ ಇಡ್ತಿದೀನಿ."

"ಲೋ—" ಎಂದದ್ದು ಅರ್ಧಕ್ಕೇ ತುಂಡಾಯಿತು.

ಘಾಟು ರೈಲ್ವೆ ಗೇಟಿನ ಕಡೆ ಹೋಗುತ್ತಿದೆ ಎಂದು ಮೇಡಂ ಹೇಳಿದರು. ಹಾಗಾಗಿ ಜನರನ್ನು ಎದುರು ದಿಕ್ಕಿಗೆ, ಮಾರುಕಟ್ಟೆ ರಸ್ತೆಯಿಂದ ಹೊರಗೆ ಸಾಗಿಸುತ್ತಿದ್ದರು. ಸರಿಯಾದ ಕೆಲಸವೇ. ಸ್ವಲ್ಪ ಹೊತ್ತಿಗೆ ತರಕಾರಿ ಮಾರುಕಟ್ಟೆಯಿಂದ ಯಾರೋ ಫೋನ್ ಮಾಡಿ, ಇಲ್ಲೂ ಕಣ್ಣುರಿ ಶುರುವಾಗಿದೆ ಎಂದು ರೇಗಾಡಿದರು. ವೈರ್‌ಲೆಸ್ಸಮ್ಮ ಅದನ್ನೂ ಇನ್ನೊಂದು ದೂರು ಅಂತ ಹೇಳಿದಳು. ಓಟದಣ್ಣ ನಕ್ಷೆಯತ್ತ ತಿರುಗಿ ನೋಡಿದವನೇ ಮೈಕಿಗೆ ಬಾಗಿದ.

"ಮೇಡಂ, ಗಾಳಿ ತಿರುಗಿದೆ. ಮಾರುಕಟ್ಟೆ ರಸ್ತೆ ಬಿಟ್ಬಿಡಿ. ಜನಾನ ಆಸ್ಪತ್ರೆ ರಸ್ತೆಗೆ ಹಾಕಿ."

"ಇಲ್ಲಿ ಹಾಗೇನೂ ಗೊತ್ತಾಗ್ತಿಲ್ವಲ್ಲ ಸಾರ್?"

"ಮುಖಕ್ಕೆ ಮಾಸ್ಕ್ ಹಾಕ್ಕೊಂಡಿದೀರ, ನಿಮಗೆ ಗೊತ್ತಾಗಲ್ಲ. ಮಾರುಕಟ್ಟೆಯವರು ಈಗ ತಾನೇ ಫೋನಲ್ಲಿ ಬೈದ್ರು, ಅಲ್ಲಿ ಕಣ್ಣುರೀತಿದೆಯಂತೆ. ತಿರುಗಿಸಿ ಬೇಗ."

ಜನ ತಿರುಗಿದರು. ಓಟದಣ್ಣ ಮತ್ತೆ ನಕ್ಷೆ ನೋಡಿದ. ಫ್ಯಾಕ್ಟರಿಗೂ ಮಾರುಕಟ್ಟೆಗೂ ನಡುವೆ ಇರುವುದೇ ಹೊಲಿಗೆ ಗಲ್ಲಿ. ತಿರುಗಿದ ಗಾಳಿ ಮೊದಲು ಮುಟ್ಟುವುದು ಅಕ್ಕನ ಕಿಟಕಿಯನ್ನು.

"ಮೇಡಂ, ಉಸಿರಾಡೋ ಸಿಲಿಂಡರ್ ಇರೋ ತಂಡಾನ ಹಿಂದಿನ ಗಲ್ಲಿಗೆ ಕಳಿಸಿ. ಮಹಡೀಲಿ ಹುಡುಗೀರಿದಾರೆ."

ತಂಡ ಹೊರಟಿತು. ಗಲ್ಲಿಯ ಬಾಯಿ ಮುಟ್ಟಿತು ಎನ್ನುವಾಗ ಮೇಡಂ ಧ್ವನಿ ಮತ್ತೆ ಬಂತು.

"ಸಾರ್, ಫ್ಯಾಕ್ಟರಿ ಮೇಸ್ತ್ರಿ ಈಗ ಹೇಳ್ತಿದಾನೆ, ಯಂತ್ರದ ಮನೇಲಿ ಇಬ್ಬರು ಸಿಕ್ಕಿಬಿದ್ದಿದಾರಂತೆ. ಕೂಗಿದ್ರೆ ಉತ್ತರ ಇಲ್ಲ. ಸಿಲಿಂಡರ್ ಇರೋದು ಇದೊಂದೇ ತಂಡಕ್ಕೆ, ಇನ್ನೊಂದು ದಾರೀಲಿದೆ. ಗಲ್ಲಿಗೇ ಹೋಗ್ಲಾ, ವಾಪಸ್ ಕರೀಲಾ?"

ಗಲ್ಲಿಯಲ್ಲಿ ಯಾರಿದ್ದಾರೆಂದು ಮೇಡಂಗೆ ಗೊತ್ತಿರಲಿಲ್ಲ. ಗೊತ್ತಿದ್ದ ವೈರ್‌ಲೆಸ್ಸಮ್ಮ ತಲೆ ತಗ್ಗಿಸಿ ಮೇಜು ನೋಡುತ್ತಿದ್ದಳು. ಮೊಬೈಲು ಅಕ್ಕನ ಮುಖ ತೋರಿಸುತ್ತಾ ಮೇಜಿನ ಮೇಲೆ ಗುರ್ರೆನ್ನುತ್ತಾ ಸರಿಯುತ್ತಿತ್ತು. ಓಟದಣ್ಣ ಅದನ್ನು ಬೋರಲು ಹಾಕಿದ.

"ವಾಪಸ್ ಕರೀರಿ. ಗಲ್ಲಿಯವರು ಬಾಗಿಲು ಹಾಕ್ಕೊಂಡು ಮೇಲಿದಾರೆ. ಒಳಗಿರೋ ಇಬ್ಬರಿಗೆ ಅದೂ ಇಲ್ಲ. ಎರಡನೇ ತಂಡ ಬಂದ ತಕ್ಷಣ ಗಲ್ಲಿಗೆ."

"ಸರಿ ಸಾರ್."

ಆಮೇಲೆ ಅವನು ಆಸ್ಪತ್ರೆಗೆ ಹೇಳಿದ, ಬಸ್ಸುಗಳನ್ನು ತಡೆಸಿದ, ನೀರಿನ ಟ್ಯಾಂಕರ್ ತರಿಸಿದ. ಮೊಬೈಲು ಬೋರಲಾಗಿಯೇ ಗುರ್ರೆನ್ನುತ್ತಿತ್ತು. ಒಂದು ಹೊತ್ತಿನಲ್ಲಿ ಅದು ಸುಮ್ಮನಾಯಿತು. ಅವನಿಗೆ ಗುರ್ರೆನ್ನುವುದೇ ವಾಸಿ ಅನ್ನಿಸಿತು.

ಯಂತ್ರದ ಮನೆಯ ಇಬ್ಬರನ್ನೂ ಹೊತ್ತು ತಂದರು. ಒಬ್ಬನ ಸ್ಥಿತಿ ಕಷ್ಟವಿತ್ತು, ಆದರೆ ಜೀವವಿತ್ತು. ಸೋರುತ್ತಿದ್ದ ಕೊಳಾಯಿ ಬಂದ್ ಆಯಿತು. ಎರಡನೆಯ ತಂಡ ಗಲ್ಲಿಯಿಂದ ಹುಡುಗಿಯರನ್ನು ಇಳಿಸಿತು. ಅವರೆಲ್ಲ ಇಳಿಯುವವರೆಗೆ ಹೊಲಿಗೆ ಟೀಚರಮ್ಮ ಜಾಗ ಬಿಟ್ಟು ಕದಲಲಿಲ್ಲವೆಂದು ಮೇಡಂ ತಿಳಿಸಿದರು. ಸಂಜೆ ಮೇಲಿನವರು ಫೋನ್ ಮಾಡಿ ಶಹಭಾಸ್ ಎಂದರು. ತರಬೇತಿಯ ಕೊನೆಯ ಅಭ್ಯಾಸಕ್ಕೆ ಮಾತ್ರ ವಿನಾಯಿತಿ ಇಲ್ಲ, ಮುಗಿಸಲೇಬೇಕು ಎಂದೂ ಸೇರಿಸಿದರು. ಅವನು ಹೂಂಗುಟ್ಟಿ, ರಾತ್ರಿ ಪಾಳಿಯವನಿಗೆ ಕುರ್ಚಿ ಬಿಟ್ಟುಕೊಟ್ಟು ಆಸ್ಪತ್ರೆಗೆ ಹೊರಟ.

ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕಣ್ಣುಗಳು ಕೆಂಪಗೆ ಊದಿಕೊಂಡಿದ್ದವು.

"ಬಂದ್ರಾ ಸಾಹೇಬ್ರು? ಎಲ್ಲಾ ಮುಗಿದ ಮೇಲೆ ಪಾದ ಬೆಳೆಸಿದ್ರಾ?"

"ಹೇಗಿದೀಯ ಅಕ್ಕ?"

"ಇದೀನಲ್ಲ, ಕಾಣ್ತಿಲ್ವಾ? ಎಷ್ಟು ಸಲ ಫೋನ್ ಮಾಡ್ದೆ. ಹತ್ರ ಇರಲಿಲ್ವೇನೋ ಫೋನು?"

ಇರಲಿಲ್ಲ ಎಂದುಬಿಟ್ಟಿದ್ದರೆ ಅವಳು ನಂಬಲು ತಯಾರಿದ್ದಳು. ತನ್ನ ದನಿಯಲ್ಲೇ ಅದಕ್ಕೊಂದು ದಾರಿ ಬಿಟ್ಟಿದ್ದಳು.

"ಮುಂದೇನೇ ಇತ್ತು. ಎತ್ತಲಿಲ್ಲ."

ಅಕ್ಕ ಮುಖ ತಿರುಗಿಸಿದಳು. ಗೋಡೆಗೇ ಹೇಳುವ ಹಾಗೆ ಹೇಳಿದಳು: "ನಿಮ್ಮವರು ಮೊದಲು ನಮ್ಮ ಗಲ್ಲಿ ತಂಕ ಬಂದಿದ್ರು. ಗಾಜಿನಿಂದ ನೋಡಿ ಹುಡುಗೀರಿಗೆ ಅಂದೆ, ನೋಡ್ರೇ, ನನ್ನ ತಮ್ಮ ಕಳಿಸಿದಾನೆ ಅಂತ. ಅನ್ನೋ ಅಷ್ಟರಲ್ಲೇ ವಾಪಸ್ ತಿರುಗಿದ್ರು. ಅದ್ಯಾವ ಪುಣ್ಯಾತ್ಮನೋ ಅವರನ್ನ ತಿರುಗಿಸಿದ್ದು?"

"ನಾನೇ."

ಪಕ್ಕದ ಮಂಚದ ಹೆಂಗಸು ಕೂಡ ಇತ್ತ ನೋಡಿದಳು.

"ಒಳಗೆ ಇಬ್ಬರಿದ್ರಕ್ಕ, ಉತ್ತರಾನೇ ಕೊಡ್ತಿರಲಿಲ್ಲ. ನೀನು ನಾನು ಹೇಳ್ದಂಗೆ ಬಾಗಿಲು ಹಾಕ್ಕೊಂಡಿರ್ತೀಯ ಅಂತ ನಂಬಿದ್ದೆ."

"ಹಾಕ್ಕೊಳ್ಳದೇ ಇದ್ದಿದ್ರೆ?"

ಅವನು ಮಂಚದ ಅಂಚಿನಲ್ಲಿ ಕೂತ. ಈ ಪ್ರಶ್ನೆ ಯಾವ ಪಾಠದಲ್ಲೂ ಇರಲಿಲ್ಲ.

"ಆ ಇಬ್ಬರು ಬದುಕಿದ್ರಾ?" ಎಂದು ಕೇಳಿದಳು ಅಕ್ಕ.

"ಬದುಕಿದಾರೆ. ಕೆಳಗಿನ ವಾರ್ಡಲ್ಲಿದಾರೆ."

ನರ್ಸ್ ಬಂದು ಕಣ್ಣಿನ ಹನಿಯ ಪುಟ್ಟ ಶೀಸೆ ಅವನ ಕೈಗೆ ಕೊಟ್ಟು, ಎರಡೂ ಕಣ್ಣಿಗೆ ಹಾಕಿ ಎಂದು ಹೋದಳು. ಅಕ್ಕ ಮುಖ ಮೇಲೆತ್ತಿದಳು. ಮೊದಲ ಹನಿ ಕೆನ್ನೆಗೆ ಬಿತ್ತು, ಎರಡನೆಯದು ಮೂಗಿಗೆ.

"ಕೈ ಯಾಕೋ ಹಿಂಗೆ ನಡುಗ್ತಿದೆ?"

"ಮಧ್ಯಾಹ್ನದಿಂದ ಹಿಂಗೇ."

ಅಕ್ಕ ಊದಿದ ಕಣ್ಣು ಕಿರಿದು ಮಾಡಿ ಅವನನ್ನು ನೋಡಿದಳು. ಆಮೇಲೆ ಅವನ ಮಣಿಕಟ್ಟನ್ನು ತನ್ನ ಕೈಯಲ್ಲಿ ಬಿಗಿಯಾಗಿ ಹಿಡಿದು, ಕಣ್ಣಿನ ನೇರಕ್ಕೆ ತಂದು ನಿಲ್ಲಿಸಿದಳು.

"ನನ್ನ ಸಿಟ್ಟು ಇಳಿದಿಲ್ಲ, ತಿಳ್ಕೊ. ಹೂಂ, ಹಾಕು ಈಗ."