ತುಳಸಾಬಾಯಿಯವರ ಚೌಕುಳಿ ಹಾಡು

ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ತುಳಸಾಬಾಯಿಯವರಿಗೆ ಉಳಿದದ್ದು ಪಿಸುದನಿ ಮಾತ್ರ. ಗಡ್ಡೆ ಹೋಯಿತು, ಇನ್ನು ಹೆದರುವಂಥದ್ದೇನಿಲ್ಲ ಎಂದು ಡಾಕ್ಟರು ಹೇಳಿದಾಗ ಮನೆಯವರೆಲ್ಲ ದೇವರಿಗೆ ಕೈ ಮುಗಿದಿದ್ದರು. ಧ್ವನಿ ಮಾತ್ರ ಮರಳಬಹುದು, ಮರಳದೆಯೂ ಇರಬಹುದು. ಜೋರಾಗಿ ಮಾತಾಡಿ ಗಂಟಲಿಗೆ ತ್ರಾಸು ಕೊಡಬಾರದು ಎಂದೂ ಡಾಕ್ಟರು ಹೇಳಿದ್ದರು.

ಬೇಗಂಪೇಟೆಯ ಆ ಮನೆಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ. ತುಳಸಾಬಾಯಿ ಎಲ್ಲಿದ್ದರೆ ಅಲ್ಲಿ ಹಾಡಿರುತ್ತಿತ್ತು. ಯಾವ ಗುರುವಿನ ಮುಂದೆಯೂ ಕೂತು ಕಲಿತವರಲ್ಲ. ಬೀದರಿನ ತವರಿನಲ್ಲಿ ತಾಯಿ ಹಾಡಿದ್ದು ಕಿವಿಗೆ ಬಿದ್ದು ಹಾಗೇ ಉಳಿದಿತ್ತು. ಗಂಡ ದತ್ತಾತ್ರೇಯರು ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಅವರಿಗೆ ಸಾ ಯಾವುದು ಪ ಯಾವುದು ತಿಳಿಯದು. ಆದರೆ ಹೆಂಡತಿ ಹಾಡುತ್ತಿರುವ ಹಾಡು ಕೇಳಿಯೇ ಒಲೆಯ ಮೇಲೆ ಬೇಳೆ ಕುದಿಯುತ್ತಿದೆಯೋ ಹಾಲು ಕಾಯುತ್ತಿದೆಯೋ ಹೇಳಿಬಿಡುತ್ತಿದ್ದರು.

ಈಗ ತುಳಸಾಬಾಯಿ ಅಡುಗೆಮನೆಯಿಂದ ಗಂಡನನ್ನು ಕರೆಯಬೇಕೆಂದರೆ ತಾಟಿಗೆ ಚಮಚ ಬಡಿಯುತ್ತಿದ್ದರು. ಒಂದು ದಿನ ದತ್ತಾತ್ರೇಯರು ನಗುತ್ತ, "ನಾ ಏನು ಖಾನಾವಳಿಗೆ ಬಂದೀನೇನು, ತುಳಸಾ?" ಅಂದುಬಿಟ್ಟರು. ಆ ಮಾತು ಮನಸ್ಸಿಗೆ ನಾಟಿತು. ಮಾರನೆಯ ದಿನದಿಂದ ಅವರು ತಾಟು ಬಡಿಯಲಿಲ್ಲ. ಚಹಾ ಆದರೆ ಬಾಲ್ಕನಿಗೆ ಬಂದು, ಪೇಪರಿನ ಮುಂದೆ ಸುಮ್ಮನೆ ನಿಲ್ಲುತ್ತಿದ್ದರು. ಬೀದರಿನಿಂದ ತಂಗಿ ಉಮಾಶ್ರೀ ದಿನಾ ಫೋನು ಮಾಡುತ್ತಿದ್ದಳು. ಅದನ್ನೂ ಗಂಡನ ಕೈಗೆ ಕೊಟ್ಟುಬಿಡುತ್ತಿದ್ದರು. ತಮ್ಮ ಪಿಸುಮಾತು ಅತ್ತ ಮುಟ್ಟುವುದಿಲ್ಲ, ತಂಗಿ "ಹಲೋ, ಹಲೋ" ಅನ್ನುವುದನ್ನು ಕೇಳಲಾಗುವುದಿಲ್ಲ.

ಸೊಸೆ ಶುಭಾ ಇದನ್ನೆಲ್ಲ ನೋಡುತ್ತಿದ್ದಳು. ಮಾದಾಪುರದ ಕಚೇರಿಯಲ್ಲಿ ಅವಳ ಕೆಲಸ. ಗಂಡ ನಿಶಾಂತನದೂ ಅಲ್ಲೇ. ಒಂದು ರಜೆಯ ದಿನ ಅವಳು ಲ್ಯಾಪ್‌ಟಾಪ್ ತಂದು ಅತ್ತೆಯ ಮುಂದೆ ಇಟ್ಟಳು. ಪರದೆಯ ತುಂಬ ಖಾಲಿ ಚೌಕಗಳು, ಪಗಡೆಯ ಹಾಸಿನ ಹಾಗೆ.

"ಅತ್ತೀ, ಯಾವುದಾದ್ರೂ ಒಂದು ಮನಿ ಒತ್ರಿ."

ತುಳಸಾಬಾಯಿ ಒತ್ತಿದರು. ಚೌಕಕ್ಕೆ ಬಣ್ಣ ಬಂತು. ಜಲತರಂಗದಂಥ ಒಂದು ಸ್ವರ ನುಡಿಯಿತು. ಕೆಳಗಿನ ಸಾಲಿನವು ತಗ್ಗಿನ ಸ್ವರ, ಮೇಲಕ್ಕೆ ಹೋದಷ್ಟೂ ಏರು. ಆಮೇಲೆ ಶುಭಾ ಗುಂಡಿ ಒತ್ತಿದರೆ ಒಂದು ಗೆರೆ ಎಡದಿಂದ ಬಲಕ್ಕೆ ಸರಿಯುತ್ತ, ಬಣ್ಣ ತುಂಬಿದ ಮನೆಗಳನ್ನೆಲ್ಲ ನುಡಿಸಿಕೊಂಡು ಹೋಗಿ, ಮತ್ತೆ ಮೊದಲಿಗೆ ಬರುತ್ತಿತ್ತು.

"ರಂಗೋಲಿ ಆತಲ್ಲ ಇದು," ಎಂದು ತುಳಸಾಬಾಯಿ ಪಿಸುಗುಟ್ಟಿ, ಚೆಂದದ ಒಂದು ದೀಪದ ಕಂಬ ಬಿಡಿಸಿದರು. ನುಡಿಸಿದರೆ ಪಾತ್ರೆಯ ಸ್ಟ್ಯಾಂಡು ಉರುಳಿಬಿದ್ದಂಥ ಸದ್ದು! ದತ್ತಾತ್ರೇಯರು ಒಳಗಿನಿಂದ, "ಯಾರಿಗೆ ಪೆಟ್ಟಾತು?" ಎಂದು ಓಡಿಬಂದರು.

ನಕ್ಕದ್ದಾಯಿತು. ಆಮೇಲೆ ತುಳಸಾಬಾಯಿ ತಾಯಿಯ ಹಾಡೊಂದನ್ನು ಅದರಲ್ಲಿ ಕೂಡಿಸಲು ಹೊರಟರು. ಕನ್ನಡಕ ಏರಿಸಿಕೊಂಡು ಒಂದೊಂದೇ ಮನೆ ಒತ್ತುವುದು, ಕೇಳುವುದು, ಅಳಿಸುವುದು. ಮೊದಲ ಸಾಲು ಹೇಗೋ ಬಂತು. ಎರಡನೆಯದರಲ್ಲಿ ತಡೆಯಿತು.

"ಇಲ್ಲಿ ಜಾರಿ ಬರಬೇಕು, ಶುಭಾ. ಇದು ಆ ಮನಿಯಿಂದ ಈ ಮನಿಗೆ ಜಿಗೀತದ."

ಶುಭಾ ಅಲ್ಲಿ ಇಲ್ಲಿ ಒತ್ತಿ ಹುಡುಕಿದಳು. ಎರಡು ಚೌಕಗಳ ನಡುವೆ ಜಾರುವುದಕ್ಕೆ ಅದರಲ್ಲಿ ದಾರಿಯೇ ಇರಲಿಲ್ಲ.

"ನಮ್ಮವ್ವನ ಹಾಡು ಇದರಾಗ ಹಿಡ್ಯೂದಿಲ್ಲ ಬಿಡು," ಎಂದು ತುಳಸಾಬಾಯಿ ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದರು.

ಶುಭಾಳ ಮುಖ ಸಣ್ಣದಾಯಿತು. "ನಾ ತಪ್ಪು ಮಾಡಿದೆ, ಮಾವಾ. ಆರಿದ ಗಾಯ ಕೆದರಿದಂಗಾತು."

"ಅತ್ತಾಳೇನು ಅಕಿ?"

"ಇಲ್ರಿ. ಸಿಟ್ಟಿಗೆದ್ದಾರ."

"ಹಂಗಾರ ಛಲೋ ಆತು," ಅಂದರು ದತ್ತಾತ್ರೇಯರು. "ದವಾಖಾನಿಯಿಂದ ಬಂದಮ್ಯಾಲೆ ಅಕಿ ಸಿಟ್ಟು ಮಾಡಿದ್ದು ಇದೇ ಮೊದಲು."

ಕೆಲವು ದಿನ ಯಾರೂ ಆ ಮಾತೆತ್ತಲಿಲ್ಲ. ಆದರೂ ಶುಭಾ ಆ ಚೌಕಗಳ ಪುಟವನ್ನು ಅತ್ತೆಯ ಫೋನಿನಲ್ಲಿ ತೆರೆದಿಟ್ಟು, ಏನೂ ಹೇಳದೆ ಕಚೇರಿಗೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ದತ್ತಾತ್ರೇಯರು ಬಾಲ್ಕನಿಯಲ್ಲಿ ಪೇಪರು ಓದುತ್ತಿದ್ದಾಗ ಎಲ್ಲೋ ಒಂದು ಸಣ್ಣ ರಾಗ ಕೇಳಿಸಿತು. ಮೆಟ್ಟಿಲು ಹತ್ತಿದಂತೆ ಹತ್ತಿ, ತುದಿಯಲ್ಲಿ ಒಂದಿಷ್ಟು ನಿಂತು, ತಟ್ಟನೆ ಇಳಿಯುತ್ತಿತ್ತು. ಪಕ್ಕದ ಮನೆಯವರ ಫೋನಿರಬೇಕೆಂದು ಅವರು ಪುಟ ತಿರುಗಿಸಿದರು. ರಾಗ ಮತ್ತೆ ಬಂತು. ಮತ್ತೆ. ಬರುಬರುತ್ತ ಅದರ ಓಟ ಹೆಚ್ಚಾಯಿತು. ಯಾರೋ ಹಿಂದೆ ನಿಂತು ನೂಕುತ್ತಿರುವ ಹಾಗೆ. ಕಡೆಗೆ ಎದ್ದು ಒಳಗೆ ಬಂದರೆ, ಹೆಂಡತಿ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದರು.

"ಎಷ್ಟು ಸಲ ಕರೀಬೇಕ್ರೀ ನಿಮ್ಮನ್ನ?"

"ನನ್ನ ಕರದದ್ದಾ ಇದು?"

"ಮತ್ಯಾರನ್ನ?"

"ಇದರಾಗ ನನಗ ಕರದದ್ದು ಎಲ್ಲದ?"

ತುಳಸಾಬಾಯಿ ಓಟ ತಗ್ಗಿಸಿ ಮತ್ತೆ ನುಡಿಸಿದರು. ಒಂದೊಂದು ಮನೆ ಬೆಳಗಿದಾಗಲೂ ಬೆರಳಿಟ್ಟು ತೋರಿಸುತ್ತ, ಗಾಳಿಯಂಥ ದನಿಯಲ್ಲಿ ಹೇಳಿದರು: "ಚಾ... ಆ... ತ್ರೀ... ಬ... ರ್ರಿ."

ದತ್ತಾತ್ರೇಯರಿಗೆ ಆಗ ಕೇಳಿಸಿತು. ಹೆಂಡತಿ ಇಷ್ಟು ವರ್ಷ ಅಡುಗೆಮನೆಯಿಂದ ಕೂಗುತ್ತಿದ್ದ ಅದೇ ಏರು, ಅದೇ ಎಳೆತ, ಕಡೆಗೆ ಅದೇ ಗದರಿಕೆ. ಅವರು ಅಲ್ಲೇ ಸ್ಟೂಲಿನ ಮೇಲೆ ಕೂತರು.

"ಇನ್ನೊಮ್ಮೆ ಹಚ್ಚು."

"ಚಾ ಆರತದರೀ."

"ಆರಲಿ. ಹಚ್ಚು."

ಅಲ್ಲಿಂದ ಮನೆಯಲ್ಲಿ ಮತ್ತೆ ಸದ್ದು ಶುರುವಾಯಿತು. ಊಟಕ್ಕೆ ಒಂದು, ಬಾಗಿಲು ತೆರೆಯಿರಿ ಎನ್ನಲು ಒಂದು. ಬುತ್ತಿಡಬ್ಬಿ ಮರೆತು ಹೊರಡುವ ಶುಭಾಳಿಗೆ ಓಡುನಡಿಗೆಯ ಒಂದು ಪುಟ್ಟ ಧಾಟಿ. ಮೆಟ್ರೋದಲ್ಲಿ ಅವಳು ಅದನ್ನು ಗುನುಗಿಕೊಂಡು ನಿಂತಿದ್ದಾಗ ಪಕ್ಕದ ಹೆಂಗಸು, "ಏ ಸಿನಿಮಾ ಪಾಟಮ್ಮಾ ಇದಿ?" ಎಂದು ತೆಲುಗಿನಲ್ಲಿ, ಇದು ಯಾವ ಸಿನಿಮಾದ ಹಾಡು ಅಂತ, ಕೇಳಿದ್ದಳಂತೆ. ಬೈಗುಳವೂ ಇತ್ತು. ಒಂದರ ಮಗ್ಗುಲಿಗೇ ಇನ್ನೊಂದು ಸ್ವರ ಒತ್ತಿದರೆ ಹಲ್ಲು ಜುಂ ಎನ್ನುವಂಥ ನಾದ; ಗಂಡ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದಾಗಲೆಲ್ಲ ಅದು ಮೊಳಗುತ್ತಿತ್ತು.

ಒಂದು ಮುಂಜಾನೆ ಉಮಾಶ್ರೀಯ ಫೋನು ಬಂದಾಗ ದತ್ತಾತ್ರೇಯರು ಅಭ್ಯಾಸದಂತೆ ಕೈ ಚಾಚಿದರು. ತುಳಸಾಬಾಯಿ ಕೊಡಲಿಲ್ಲ. ತಾವೇ ಎತ್ತಿ, ಲ್ಯಾಪ್‌ಟಾಪ್‌ನಲ್ಲಿ ಹೊಸದೊಂದು ಧಾಟಿ ಹಚ್ಚಿ, ಫೋನನ್ನು ಅದರ ಹತ್ತಿರ ಹಿಡಿದರು.

"ಭಾವಾ? ಏನೋ ಬಾರಸ್ಲಿಕತ್ತದ ನಿಮ್ಮ ಮನ್ಯಾಗ," ಅಂದಳು ಉಮಾಶ್ರೀ.

ತುಳಸಾಬಾಯಿ ಒಂದು ಮನೆ ಅಳಿಸಿ, ಮೇಲಿನದನ್ನು ಒತ್ತಿದರು. ಧಾಟಿ ಈಗ ಪ್ರಶ್ನೆ ಕೇಳಿದಂತೆ ಮುಗಿಯಿತು.

ಆ ಕಡೆಯಿಂದ ಸಣ್ಣ ದನಿಯಲ್ಲಿ, "ಅಕ್ಕಾ?"

ತುಳಸಾಬಾಯಿ ಮತ್ತೆ ನುಡಿಸಿದರು. ಉಮಾಶ್ರೀ ಅತ್ತಳೋ ಏನೋ, ಮೂಗು ಎಳೆದ ಸದ್ದು ಕೇಳಿತು. ಮೂರನೆಯ ಸುತ್ತಿಗೆ ಅವಳೂ ಗುನುಗತೊಡಗಿದಳು, ಐದಾರು ಸುತ್ತಿನಲ್ಲಿ ಅದಕ್ಕೆ ಮಾತು ಕಟ್ಟಿದಳು: "ಬೋಳು ತಲಿ ಭಾವಾ, ಪೇಪರ್ ಬಿಟ್ಟು ಏಳ್ರಿ, ಅಕ್ಕನ ಕಾಲು ಒತ್ರಿ..."

ತುಳಸಾಬಾಯಿ ನಕ್ಕರು. ನಗೆಗೆ ಸದ್ದಿರಲಿಲ್ಲ, ಭುಜಗಳು ಕುಲುಕುಲು ಕುಣಿದವು, ಕಣ್ಣಲ್ಲಿ ನೀರು ಬಂತು.

"ನಂದೂ ಒಂದು ಉತ್ತರ ಅದ, ತಡೀರಿ," ಎಂದು ದತ್ತಾತ್ರೇಯರು ಲ್ಯಾಪ್‌ಟಾಪನ್ನು ತಮ್ಮತ್ತ ಎಳೆದುಕೊಂಡರು. ಆ ದಿನವೆಲ್ಲ ಬಾಲ್ಕನಿಯಲ್ಲಿ ಕೂತು, ಹುಬ್ಬು ಗಂಟಿಕ್ಕಿ, ಮನೆಗಳನ್ನು ಒತ್ತಿದರು, ಅಳಿಸಿದರು. ಸಂಜೆ ತಂದು ಕೇಳಿಸಿದಾಗ ಶುಭಾ ನಗು ತಡೆಯಲು ತುಟಿ ಕಚ್ಚಿಕೊಂಡು ಅಡುಗೆಮನೆಗೆ ಹೋಗಿಬಿಟ್ಟಳು. ತುಳಸಾಬಾಯಿ ಮಾತ್ರ ಗಂಡನ ಮಗ್ಗುಲಿಗೆ ಕೂತು ಪೂರ್ತಿ ಕೇಳಿದರು. ಇನ್ನೊಮ್ಮೆ ಕೇಳಿದರು. ಆಮೇಲೆ ಬೆರಳು ಚಾಚಿ ಒಂದೇ ಒಂದು ಮನೆ ಸರಿಪಡಿಸಿದರು. ಉಳಿದ ತಪ್ಪುಗಳನ್ನೆಲ್ಲ ಹಾಗೇ ಬಿಟ್ಟು, ಬೀದರಿಗೆ ಕಳಿಸಿದರು.