ಹದಿನಾರು ಗೀಟು, ಎಂಟು ಹೆಸರು

ಡಾಕ್ಟರ್ ಯಶಸ್ವಿನಿಗೆ ಸಿಟ್ಟು ಬಂದರೆ ಆಕೆ ಕೂಗಾಡುವುದಿಲ್ಲ, ಚಾರ್ಟು ಮಾಡುತ್ತಾಳೆ. ಕೊರಟಗೆರೆಯ ಬಟ್ಟೆ ಅಂಗಡಿಯವರ ಮನೆಯಲ್ಲಿ ಹುಟ್ಟಿದ ಹುಡುಗಿ. ಪಶುವೈದ್ಯ ಓದಲು ಹೋಗುವ ಮೊದಲು ಆಕೆ ಕುರಿಯನ್ನು ಹತ್ತಿರದಿಂದ ಕಂಡಿದ್ದೆಂದರೆ ಸಿದ್ದರಬೆಟ್ಟಕ್ಕೆ ಹೋಗುವಾಗ ಮಂದೆ ದಾರಿಗಡ್ಡ ಬಂದಿದ್ದಷ್ಟೇ. ಈಗ ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುವ ದಾರಿಯುದ್ದಕ್ಕೂ ಹರಡಿಕೊಂಡ ಹದಿನಾರು ಊರುಗಳ ಕುರಿ ಸಂಘಕ್ಕೆ ಡಾಕ್ಟರಾಗಿ ಬಂದು ಐದು ತಿಂಗಳಾಗಿತ್ತು. ಊರುಗಳ ಹೆಸರೆಲ್ಲ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ಜನರು ಮಾತ್ರ ಆಗಲೇ ಆಕೆಯನ್ನು ಡಾಕ್ಟ್ರಮ್ಮ ಮಾಡಿಕೊಂಡಿದ್ದರು.

ಸಿಟ್ಟಿಗೆ ಕಾರಣ ಸಂಘದ ಅಧ್ಯಕ್ಷ ದೊಡ್ಡರಂಗಪ್ಪ. ಮನುಷ್ಯ ಕೆಟ್ಟವನಲ್ಲ, ಗಂಟಲು ಮಾತ್ರ ದೊಡ್ಡದು. ಹಿಂದಿನ ಸಲ ಲಸಿಕೆ ಬಂದಾಗ ಅವನು ಗಂಟಲು ಏರಿಸಿದ, ಲಸಿಕೆಯೆಲ್ಲ ಅವನ ಊರಿಗೇ ಹೋಯಿತು. ಅಲ್ಲಿ ಒಂದು ಮರಿಯೂ ಕಾಯಿಲೆ ಬಿದ್ದಿರಲಿಲ್ಲ. ಅವತ್ತೇ ಯಶಸ್ವಿನಿ ತೀರ್ಮಾನ ಮಾಡಿದಳು. ಇನ್ನು ಮುಂದೆ ಯಾರು ಕೂಗಿದರು ಅಂತ ನೋಡುವುದಿಲ್ಲ, ಎಲ್ಲಿ ಹೆಚ್ಚು ಸಾಯುತ್ತಿವೆಯೋ ಅಲ್ಲಿಗೆ ಮೊದಲು. ಆ ಮಾತನ್ನು ಎಲ್ಲ ಊರಿಗೂ ಫೋನು ಮಾಡಿಸಿ ತಿಳಿಸಿಯೂ ಬಿಟ್ಟಳು.

ಅಷ್ಟರಲ್ಲಿ ಮುಂಗಾರಿನ ಮೊದಲ ಮಳೆ ಬಿತ್ತು. ಬೋಳು ಬಯಲಲ್ಲಿ ಎಳೆ ಹುಲ್ಲು ಚಿಗುರಿತು. ಬೇಸಿಗೆಯೆಲ್ಲ ಒಣ ಕಡ್ಡಿ ತಿಂದು ಬೇಸತ್ತ ಕುರಿಗಳು ಆ ಹಸಿರಿಗೆ ಮುಗಿಬಿದ್ದವು. ಹಿಂದೆಯೇ ಕರುಳುಬೇನೆ ಬಂತು. ಅದೊಂದು ಕೆಟ್ಟ ಕಾಯಿಲೆ. ಸಂಜೆ ನೆಗೆದಾಡಿಕೊಂಡಿದ್ದ ಮರಿ ಬೆಳಗಾಗುವುದರೊಳಗೆ ಕತ್ತು ಹಿಂದಕ್ಕೆ ಸೆಟೆದು ಸತ್ತಿರುತ್ತದೆ. ಬಡಕಲು ಮರಿಯನ್ನು ಬಿಟ್ಟು, ಚೆನ್ನಾಗಿ ಮೈದುಂಬಿದ ಮರಿಯನ್ನೇ ಮೊದಲು ಆರಿಸಿಕೊಳ್ಳುತ್ತದೆ.

ಸಂಘದ ಗುಮಾಸ್ತೆ ಶಾಂತಕುಮಾರಿ ದಿನಾ ಬೆಳಿಗ್ಗೆ ಹದಿನಾರೂ ಊರಿಗೆ ಫೋನು ಮಾಡಿ, ಸತ್ತ ಮರಿಗಳ ಸಂಖ್ಯೆ ಕೇಳಿ ಕಂಪ್ಯೂಟರಿನ ಸ್ಪ್ರೆಡ್‌ಶೀಟಿಗೆ ಹಾಕುತ್ತಿದ್ದಳು. ಹನ್ನೊಂದನೆಯ ದಿನ ಶಿರಾದಿಂದ ಸುದ್ದಿ ಬಂತು: ಐನೂರು ಕುರಿಗೆ ಆಗುವಷ್ಟು ಲಸಿಕೆ ನಾಳೆ ಸಿಗುತ್ತದೆ, ಮುಂದಿನದ್ದು ಹನ್ನೆರಡು ದಿನ ಬಿಟ್ಟು. ಐನೂರು ಅಂದರೆ ಒಂದು ಊರಿಗೆ ಸರಿಯಾಗುತ್ತದೆ, ಎರಡಕ್ಕೆ ಸಾಲದು. ಶಾಂತಕುಮಾರಿ ತಂಗಿಯ ಮದುವೆಗೆಂದು ರಜೆ ಹಾಕಿ ಮಧುಗಿರಿಗೆ ಹೊರಟಿದ್ದಳು. ಹೋಗುವಾಗ ಶೀಟನ್ನು ಯಶಸ್ವಿನಿಗೆ ಕಳಿಸಿ ಹೋದಳು.

ಆ ಮಧ್ಯಾಹ್ನ ಯಶಸ್ವಿನಿ ಅದನ್ನು ಚಾರ್ಟು ಮಾಡಿದಳು. ಒಂದೊಂದು ಊರಿಗೆ ಒಂದೊಂದು ನಿಂತ ಗೀಟು, ಸತ್ತ ಮರಿ ಹೆಚ್ಚಾದಷ್ಟೂ ಗೀಟು ಎತ್ತರ, ಗೀಟಿನ ಕೆಳಗೆ ಊರಿನ ಹೆಸರು. ಓದು ಬಾರದವರಿಗೂ ಎತ್ತರ ತಗ್ಗು ತಿಳಿಯುತ್ತದಲ್ಲ ಎಂದು ಅವಳಿಗೆ ತನ್ನ ಬುದ್ಧಿಯ ಬಗ್ಗೆ ತುಸು ಜಂಬವೂ ಆಯಿತು. ಅದೇ ಹಾಳೆಯ ಕೆಳಗಡೆ, ಎಳೆ ಹುಲ್ಲಿಗೆ ಬೆಳಗಿನ ಹೊತ್ತು ಬಿಡಬೇಡಿ ಎಂದು ನಾಲ್ಕು ಸಾಲು ಬರೆಯಬೇಕೆನಿಸಿತು. ಜಾಗ ಸಾಲಲಿಲ್ಲ. ಚಾರ್ಟಿನ ಮೂಲೆ ಹಿಡಿದು ಒಳಕ್ಕೆ ಎಳೆದು ಚಿಕ್ಕದು ಮಾಡಿದಳು, ಬರೆದಳು, ಮತ್ತೆ ಸ್ವಲ್ಪ ಹೊರಕ್ಕೆ ಎಳೆದಳು, ಪ್ರಿಂಟು ತೆಗೆದಳು. ಕಣ್ಣೆಲ್ಲ ಆ ನಾಲ್ಕು ಸಾಲಿನ ಮೇಲೇ ಇತ್ತು. ಚಾರ್ಟು ಕುಗ್ಗಿದಾಗ ಹೆಸರುಗಳಿಗೆ ಜಾಗವಿಲ್ಲವೆಂದು ಕಂಪ್ಯೂಟರು ಒಂದು ಬಿಟ್ಟು ಒಂದು ಹೆಸರನ್ನು ನುಂಗಿ ಹಾಕಿತ್ತು. ಮತ್ತೆ ಹಿಗ್ಗಿಸಿದಾಗಲೂ ನುಂಗಿದ್ದನ್ನು ವಾಪಸು ಉಗುಳಿರಲಿಲ್ಲ. ಅದನ್ನು ಆಕೆ ನೋಡಲೇ ಇಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸಂಘದ ಕಟ್ಟಡದಲ್ಲಿ ಸಭೆ. ಇಪ್ಪತ್ತೈದು ಜನ ಸೇರಿದ್ದರು. ಲಸಿಕೆಯ ಐಸ್ ಡಬ್ಬಿ ಮೇಜಿನ ಮೇಲಿತ್ತು. ಯಶಸ್ವಿನಿ ಹಾಳೆಯನ್ನು ಗೋಡೆಗೆ ಅಂಟಿಸಿ, ಎಲ್ಲಕ್ಕಿಂತ ಎತ್ತರದ ಗೀಟಿನ ಮೇಲೆ ಬೆರಳಿಟ್ಟಳು.

"ಮೂವತ್ತೆಂಟು ಮರಿ ಸತ್ತಿವೆ. ಕೆಂಚಯ್ಯನಹಟ್ಟಿ. ಐನೂರೂ ಅಲ್ಲಿಗೇ ಹೋಗುತ್ತೆ. ಈಗಲೇ ಹೊರಡೋಣ."

ದೊಡ್ಡರಂಗಪ್ಪ ಬಾಯಿ ತೆರೆದವನು ಗೀಟಿನ ಎತ್ತರ ನೋಡಿ ಮುಚ್ಚಿಕೊಂಡ. ಯಶಸ್ವಿನಿಗೆ ಒಳಗೊಳಗೇ ಖುಷಿಯಾಯಿತು. ಕೆಂಚಯ್ಯನಹಟ್ಟಿಯಿಂದ ಬಂದಿದ್ದವರು ಇಬ್ಬರು, ನರಸಪ್ಪ ಮತ್ತು ಅವನ ತಮ್ಮನ ಮಗ ಶಿವರಾಜು. ನರಸಪ್ಪ ಅರವತ್ತು ದಾಟಿದವನು, ಹುಟ್ಟಿದಾಗಿನಿಂದ ಕುರಿಯ ಹಿಂದೆಯೇ ನಡೆದವನು, ಹೆಬ್ಬೆಟ್ಟಿನ ಗಿರಾಕಿ. ಶಿವರಾಜು ಪಿಯುಸಿ ಮುಗಿಸಿದವನು, ಮೂವತ್ತರ ಗಟ್ಟಿ ಆಳು. ಊರಿನ ಪತ್ರ ವ್ಯವಹಾರವೆಲ್ಲ ಅವನದೇ. ತಮ್ಮ ಊರಿನ ಹೆಸರು ಕೇಳಿದ್ದೇ ಶಿವರಾಜು ಎದ್ದು ನಿಂತು ಕೈ ಮುಗಿದ.

ನರಸಪ್ಪ ಏಳಲಿಲ್ಲ. "ನಮ್ಮಟ್ಟೀಲಿ ಅಷ್ಟು ಸತ್ತಿಲ್ಲ ಕಣಮ್ಮ," ಅಂದ.

"ಸುಮ್ಕಿರು ದೊಡ್ಡಪ್ಪ," ಶಿವರಾಜು ಅವನ ಹೆಗಲ ಟವೆಲ್ಲು ಜಗ್ಗಿದ. "ನಿನ್ನ ಮನೇವು ನಿಂಗೊತ್ತು. ಎಲ್ರ ಮನೇವೂ ನಿಂಗೆಂಗೊತ್ತು?"

"ಲೇ, ಇರೋವೇ ಹದಿನೆಂಟು ಮನೆ. ಸತ್ತಿದ್ದು ನಾಕು ಮರಿ. ನಾಕನ್ನೂ ನಾನೇ ಗುಂಡಿ ತೆಗ್ದು ಮಣ್ಣು ಮಾಡಿವ್ನಿ."

ಯಶಸ್ವಿನಿಗೆ ಸ್ವಲ್ಪ ರೇಗಿತು. ಐದು ತಿಂಗಳಲ್ಲಿ ಮೊದಲ ಸಲ ಒಂದು ಕೆಲಸ ಜಗಳವಿಲ್ಲದೆ ಮುಗಿಯುತ್ತಿದೆ, ಇವನೊಬ್ಬ ಬೇಡ ಅನ್ನುತ್ತಾನಲ್ಲ! "ದಿನಾ ಫೋನ್ ಮಾಡಿ ಕೇಳಿ ಬರೆದಿರೋದು ನರಸಪ್ಪನೋರೆ. ಕಂಪ್ಯೂಟರು ಸುಳ್ಳು ಹೇಳೋದಿಲ್ಲ," ಅಂದಳು.

ನರಸಪ್ಪ ನಿಧಾನವಾಗಿ ಎದ್ದು ಗೋಡೆಯ ಹತ್ತಿರ ಹೋದ. ಮಂಡಿ ಬಗ್ಗಿಸಿ, ಒಂದೊಂದು ಗೀಟಿನ ಬುಡಕ್ಕೂ ಬೆರಳು ಮುಟ್ಟಿಸಿಕೊಂಡು ಎಡದಿಂದ ಬಲಕ್ಕೆ ಹೋದ. ಮತ್ತೆ ಹೆಸರುಗಳನ್ನು ಮುಟ್ಟಿಕೊಂಡು ಬಲದಿಂದ ಎಡಕ್ಕೆ ಬಂದ. ಹಿಂದಿನಿಂದ ಯಾರೋ ನಕ್ಕರು. ಓದು ಬಾರದವನು ಅದರಲ್ಲಿ ಏನು ಹುಡುಕುತ್ತಾನೆ ಅಂತ ಯಶಸ್ವಿನಿಗೂ ಅನಿಸಿತು.

"ಡಾಕ್ಟ್ರಮ್ಮ, ಇಲ್ಲಿ ಗೀಟು ಹದಿನಾರವೆ," ಅಂದ ನರಸಪ್ಪ. "ಕೆಳಗೆ ಬರ್ದಿರೋ ಹೆಸ್ರು ಎಂಟೇ ಐತೆ. ಸಂಜೆ ಕುರಿ ಕೂಡಾಕೋ ರೊಪ್ಪದಲ್ಲಿ ಮರಿ ಬುಟ್ಟಾಗ ಒಂದೊಂದು ಮರೀನೂ ಅದರದರ ತಾಯಿ ತಾವ ಸೇರ್ತಾ ಅಂತ ನೋಡ್ತೀವಿ ನಾವು. ಇಂಗೆ ಹದಿನಾರು ಮರೀಗೆ ಎಂಟೇ ತಾಯಿ ಆದ್ರೆ, ಉಳಿದ ಎಂಟು ಮರಿ ಯಾರವಮ್ಮ? ಈ ಎತ್ತರದ್ದು ನಮ್ಮ ಹೆಸರ ಮೇಲೆ ನಿಂತಿಲ್ಲ ನೋಡು. ಪಕ್ಕಕ್ಕೆ ನಿಂತೈತೆ. ಇದರ ತಾಯೀನೇ ಇಲ್ಲಿಲ್ಲ."

ಯಶಸ್ವಿನಿ ಹತ್ತಿರ ಹೋಗಿ ನೋಡಿದಳು. ಒಂದು ಗೀಟಿಗೆ ಹೆಸರಿದೆ, ಮುಂದಿನದಕ್ಕೆ ಇಲ್ಲ. ಮತ್ತೊಂದಕ್ಕೆ ಇದೆ, ಅದರ ಪಕ್ಕದ್ದಕ್ಕೆ ಇಲ್ಲ. ಕೆಂಚಯ್ಯನಹಟ್ಟಿಯ ಮೇಲೆ ನಿಂತಿದ್ದು ಒಂದು ಮೋಟು ಗೀಟು. ಮೂವತ್ತೆಂಟರ ಗೀಟು ಅದರ ಬಲಕ್ಕೆ ಹೆಸರಿಲ್ಲದೆ ನಿಂತಿತ್ತು. ಆಕೆ ಲ್ಯಾಪ್‌ಟಾಪು ತೆರೆದು ಶಾಂತಕುಮಾರಿಯ ಶೀಟಿನಲ್ಲಿ ಸಾಲು ಹುಡುಕಿದಳು. ಕೆಂಚಯ್ಯನಹಟ್ಟಿ, ನಾಲ್ಕು. ಅದರ ಕೆಳಗೆ ಗಂಗಲಗುಟ್ಟ, ಮೂವತ್ತೆಂಟು.

ಗಂಗಲಗುಟ್ಟ ಪಾವಗಡದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರು. ಅಲ್ಲಿಂದ ಸಭೆಗೆ ಯಾರೂ ಬಂದಿರಲಿಲ್ಲ. ಬಂದಿಲ್ಲವೆಂಬುದನ್ನು ಯಾರೂ ಗಮನಿಸಿಯೂ ಇರಲಿಲ್ಲ. ಇನ್ನು ಐದು ನಿಮಿಷ ಹೋಗಿದ್ದರೆ ಜೀಪು ಕೆಂಚಯ್ಯನಹಟ್ಟಿಯ ಕಡೆ ತಿರುಗಿರುತ್ತಿತ್ತು, ಬಾಟಲಿಗಳ ಮುಚ್ಚಳ ತೆಗೆದಾಗಿರುತ್ತಿತ್ತು, ಆ ಊರು ಹನ್ನೆರಡು ದಿನ ಬಾಯಿ ಬಿಟ್ಟುಕೊಂಡು ಕಾಯಬೇಕಾಗುತ್ತಿತ್ತು.

"ತಪ್ಪು ನನ್ನದು," ಅಂದಳು ಎಲ್ಲರ ಮುಂದೆ. "ಚಾರ್ಟು ಚಿಕ್ಕದು ಮಾಡಿದಾಗ ಅರ್ಧ ಊರುಗಳ ಹೆಸರು ಹೋಗಿವೆ. ನಾನು ನೋಡಲಿಲ್ಲ. ಲಸಿಕೆ ಗಂಗಲಗುಟ್ಟಕ್ಕೆ ಹೋಗಬೇಕು."

ಸ್ಕ್ರೀನಿನ ಮೇಲೆ ಚಾರ್ಟನ್ನು ದೊಡ್ಡದು ಮಾಡಿ ನೋಡಿದಳು, ಹೆಸರು ಬರಲಿಲ್ಲ. ಇನ್ನೂ ದೊಡ್ಡದು ಮಾಡಿದಳು, ಆಗಲೂ ಬರಲಿಲ್ಲ. ಕೊನೆಗೆ ಕಂಪ್ಯೂಟರನ್ನು ಅದರ ಪಾಡಿಗೆ ಬಿಟ್ಟು ಪೆನ್ನು ತೆಗೆದುಕೊಂಡು, ಶೀಟು ನೋಡಿಕೊಂಡು, ಗೋಡೆಯ ಹಾಳೆಯ ಮೇಲೆ ಎಂಟು ಹೆಸರನ್ನು ಕೈಯಲ್ಲೇ ಬರೆದಳು. ನರಸಪ್ಪ ಪಕ್ಕದಲ್ಲಿ ನಿಂತು ಒಂದೊಂದು ಗೀಟನ್ನೂ ಬೆರಳಿಟ್ಟು ತೋರಿಸಿದ. ಹದಿನಾರಕ್ಕೂ ಹೆಸರು ಸೇರಿದ ಮೇಲೆಯೇ ಅವನು ಹೋಗಿ ಕೂತದ್ದು.

ಶಿವರಾಜು ಕೂರಲಿಲ್ಲ. "ಮನೆ ಬಾಗಿಲಿಗೆ ಬಂದಿದ್ದನ್ನ ಕೈಯಾರೆ ದಬ್ಬುಟ್ಟೆ ದೊಡ್ಡಪ್ಪ. ನಾಳೆ ನಮ್ಮವು ಸತ್ರೆ ಯಾರು ಬತ್ತಾರೆ?" ಎಂದವನು ಉತ್ತರಕ್ಕೂ ಕಾಯದೆ ಬೈಕು ಹತ್ತಿ ಹೊರಟ. ನರಸಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅವನಿಗೂ ಅದೇ ಭಯ ಇತ್ತು ಎಂಬುದು ಅವನ ಮುಖ ನೋಡಿದವರಿಗೆಲ್ಲ ತಿಳಿಯುತ್ತಿತ್ತು.

ಜೀಪು ಗಂಗಲಗುಟ್ಟ ಮುಟ್ಟಿದಾಗ ಹನ್ನೆರಡು ಗಂಟೆ. ಊರ ಮುಂದೆ ಹೊಸ ಮಣ್ಣಿನ ಗುಡ್ಡೆಗಳು ಸಾಲಾಗಿದ್ದವು. ದಿನಾ ಶಾಂತಕುಮಾರಿಗೆ ಲೆಕ್ಕ ಹೇಳುತ್ತಿದ್ದ ಗೌರಕ್ಕ ರಸ್ತೆಗೇ ಓಡಿ ಬಂದಳು. ಐವತ್ತರ ಹೆಂಗಸು, ಕೈಕಾಲೆಲ್ಲ ಮಣ್ಣು, ಮಾತು ಅರ್ಧ ತೆಲುಗು.

"ಒಸ್ತಾರೋ ರಾರೋ, ಬರ್ತೀರೋ ಇಲ್ವೋ ಅಂತ ದಾರಿ ನೋಡಿ ನೋಡಿ ಕಣ್ಣು ಬಿದ್ದೋದ್ವು ತಲ್ಲೀ. ಇವತ್ತೂ ಐದು ಪೋಯಿನಾಯಿ, ಸತ್ತೋದ್ವು. ಮರಿ ಮಣ್ಣು ಮಾಡೋದೋ, ಮೀಟಿಂಗಿಗೆ ಬರೋದೋ, ನೀವೇ ಹೇಳಿ," ಅಂದು ಯಶಸ್ವಿನಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಆ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳಬೇಕು ಅನಿಸಿತು ಯಶಸ್ವಿನಿಗೆ. "ಇದು ನನಗೆ ಸಲ್ಲೋದಲ್ಲ ಗೌರಕ್ಕ. ನಾನು ಬೇರೆ ಊರಿಗೆ ಹೊರಟಿದ್ದೆ. ಕೆಂಚಯ್ಯನಹಟ್ಟಿಯ ನರಸಪ್ಪ ಅಂತ ಒಬ್ಬರು, ತಮ್ಮೂರಿಗೆ ಸಿಕ್ಕಿದ್ದನ್ನ ಬಿಟ್ಟು ನಿಮ್ಮೂರಿಗೆ ಕಳಿಸಿದ್ದಾರೆ," ಎಂದು ನಡೆದದ್ದನ್ನೆಲ್ಲ ಹೇಳಿದಳು. ಗೌರಕ್ಕ ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡಳು. ಸಂಜೆಯವರೆಗೆ ಸೂಜಿ ಹಾಕಿದರು. ಐದು ದಿನ ಸಾವು ಮುಂದುವರಿಯಿತು, ಆಮೇಲೆ ತಗ್ಗಿತು, ಹತ್ತನೆಯ ದಿನ ಫೋನಿನಲ್ಲಿ ಗೌರಕ್ಕ ಸೊನ್ನೆ ಅಂದಳು. ಅವತ್ತು ಯಶಸ್ವಿನಿ ಶಾಂತಕುಮಾರಿಯ ಮುಂದೆಯೇ ಅತ್ತುಬಿಟ್ಟಳು.

ಹನ್ನೆರಡನೆಯ ದಿನಕ್ಕೆ ಮುಂದಿನ ಲಸಿಕೆ ಬಂತು. ಉಳಿದ ಊರುಗಳಲ್ಲಿ ಅಷ್ಟು ಹೊತ್ತಿಗೆ ಸಾವು ನಿಂತಿತ್ತು, ಹಾಗಾಗಿ ಈ ಸಲ ಗೀಟು ಗೋಡೆ ಏನೂ ನೋಡದೆ ಯಶಸ್ವಿನಿ ಬೆಳಿಗ್ಗೆ ಏಳಕ್ಕೇ ಕೆಂಚಯ್ಯನಹಟ್ಟಿಗೆ ಹೋದಳು. ದಾರಿಯುದ್ದಕ್ಕೂ ಒಂದೇ ಭಯ, ಶಿವರಾಜುವನ್ನು ಹೇಗೆ ಎದುರಿಸುವುದು? ಆ ಊರಿನ ಲೆಕ್ಕ ಆಕೆಗೆ ಗೊತ್ತಿತ್ತು. ಈ ಹನ್ನೆರಡು ದಿನದಲ್ಲಿ ಎರಡು ಮರಿ ಸತ್ತಿದ್ದವು, ಎರಡೂ ಶಿವರಾಜುವಿನವು, ಎರಡೂ ಕೊಬ್ಬಿದ ಟಗರುಮರಿಗಳು. ಆವತ್ತಿನಿಂದ ಅವನು ದೊಡ್ಡಪ್ಪನ ಜೊತೆ ಮಾತು ಬಿಟ್ಟಿದ್ದಾನೆ ಎಂದೂ ಶಾಂತಕುಮಾರಿ ಹೇಳಿದ್ದಳು.

ರೊಪ್ಪದ ಮುಂದೆ ಜೀಪು ನಿಂತಾಗ ಅಲ್ಲಿ ಜಾತ್ರೆಯ ಹಾಗೆ ಜನ. ಗೌರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು, ಜೊತೆಗೆ ಗಂಗಲಗುಟ್ಟದ ಹದಿನಾಲ್ಕು ಆಳು. ಶಾಂತಕುಮಾರಿಯ ಫೋನಿನಿಂದ ಸುದ್ದಿ ತಿಳಿದು ಬೆಳಗಿನ ಜಾವವೇ ಟ್ರ್ಯಾಕ್ಟರು ಕಟ್ಟಿಕೊಂಡು ಬಂದಿದ್ದರು. ನಾನೂರೈವತ್ತು ಕುರಿಯನ್ನು ಒಂದೊಂದಾಗಿ ಹಿಡಿದು, ಸೂಜಿ ಹಾಕಿಸಿ, ಆಚೆ ದಾಟಿಸುವುದು ಇಡೀ ದಿನದ ಕೆಲಸ.

"ನೀವು ಸೂಜಿ ಹಾಕಂಡು ಹೋಗ್ತಾ ಇರಿ ತಲ್ಲಿ, ಹಿಡಿಯೋದು ನಮ್ಮ ಪನಿ," ಅಂದಳು ಗೌರಕ್ಕ. ನರಸಪ್ಪ ನಾಚಿಕೊಂಡು ರೊಪ್ಪದ ಮೂಲೆ ಸೇರಿದ್ದ. ಯಶಸ್ವಿನಿ ಹೋಗಿ, ಆವತ್ತಿನಿಂದ ಬಾಯಲ್ಲೇ ಇಟ್ಟುಕೊಂಡಿದ್ದನ್ನು ಹೇಳಿದಳು. "ನಿಮ್ಮಿಂದ ಒಂದು ಊರು ಉಳೀತು ನರಸಪ್ಪನೋರೆ. ನನ್ನ ಮಾನಾನೂ ಉಳೀತು. ಇದನ್ನ ನಾನು ಮರೆಯೋಳಲ್ಲ."

"ಅಯ್ ಬುಡಮ್ಮ, ಎಣಿಸೋಕೇನು ಗುಡ್ಡ ಕಡೀಬೇಕಾ? ಬಿಸ್ಲೇರ್ತದೆ, ನಡಿ ನಡಿ," ಅಂದ ನರಸಪ್ಪ.

ಕೆಲಸ ಭರದಿಂದ ಸಾಗಿತು. ಶಿವರಾಜುವೂ ಮರಿ ಹಿಡಿದು ತಂದುಕೊಡುತ್ತಿದ್ದ, ತಲೆ ಮಾತ್ರ ಎತ್ತುತ್ತಿರಲಿಲ್ಲ. ಅವನ ಸರದಿ ಬಂದಾಗ ಯಶಸ್ವಿನಿ ಸೂಜಿ ಹಿಡಿದ ಕೈ ನಿಲ್ಲಿಸಿದಳು.

"ಶಿವರಾಜು, ನಿಮ್ಮ ಎರಡು ಮರಿ ಹೋಗಿದ್ದು ನನಗೆ ಗೊತ್ತು. ಆವತ್ತು ಲಸಿಕೆ ಇಲ್ಲಿಗೆ ಬಂದಿದ್ರೆ ಉಳೀತಿದ್ವೇನೋ. ನನ್ನ ಮೇಲೆ ಸಿಟ್ಟಿದ್ರೆ ಬೈದುಬಿಡಿ. ಆ ವಯಸ್ಸಾದೋರ ಜೊತೆ ಮಾತು ಬಿಡಬೇಡಿ."

ಶಿವರಾಜು ಮರಿಯನ್ನು ಎದೆಗವಚಿಕೊಂಡೇ ನಿಂತ. ಆಚೆ ಗೌರಕ್ಕ ಅವನ ದೊಡ್ಡಪ್ಪನಿಗೆ ಏನೋ ಚೇಷ್ಟೆಯ ಮಾತು ಹೇಳಿ ನಗಿಸುತ್ತಿದ್ದಳು.

"ಸಿಟ್ಟಿಗಲ್ಲ ಮೇಡಂ ಮಾತು ಬುಟ್ಟಿದ್ದು," ಅಂದ ಅವನು. ದನಿ ತಗ್ಗಿತ್ತು. "ಆವತ್ತು ದೊಡ್ಡಪ್ಪ ಎದ್ದು ಹೋಗೋಕೆ ಮುಂಚೇನೇ ನಂಗೆ ಕಂಡಿತ್ತು. ನಾನು ಓದಿದೋನು. ಆ ಗೀಟಿಗೆ ಹೆಸರಿಲ್ಲ ಅಂತ ಕೂತ ಜಾಗದಿಂದ್ಲೇ ಕಂಡಿತ್ತು. ಕಂಡೂ ಎದ್ದು ಕೈ ಮುಗಿದೆ."

ಯಶಸ್ವಿನಿ ಸೂಜಿಯನ್ನು ಡಬ್ಬಿಯ ಮೇಲಿಟ್ಟಳು. ಅವನೇ ಮುಂದುವರಿಸಿದ.

"ಮರಿ ಹೋದ್ರೆ ಇನ್ನೊಂದು ಹುಟ್ತದೆ. ದೊಡ್ಡಪ್ಪ ಸುಮ್ಕಿದ್ದಿದ್ರೆ ನಾನು ಇವತ್ತು ಈಯಮ್ಮನ ಮುಖ ಹೆಂಗೆ ನೋಡ್ತಿದ್ದೆ ಹೇಳಿ. ನನ್ನ ಉಳಿಸಿದ ಮೇಡಂ ಅವನು. ಅದನ್ನ ಅವನ ಮುಂದೆ ಹೇಳೋಕೆ ಬಾಯಿ ಬರ್ತಿಲ್ಲ, ಅಷ್ಟೇಯ."

"ಬರುತ್ತೆ, ಹೋಗಿ," ಅಂದಳು ಯಶಸ್ವಿನಿ. ಅವನ ಕೈಯಿಂದ ಮರಿಯನ್ನು ತಾನೇ ತೆಗೆದುಕೊಂಡಳು. ಶಿವರಾಜು ಕುರಿಗಳ ನಡುವೆ ದಾರಿ ಮಾಡಿಕೊಂಡು ರೊಪ್ಪದ ಮೂಲೆಗೆ ಹೋದ. ಏನು ಹೇಳಿದನೋ ಇಲ್ಲಿಗೆ ಕೇಳಿಸಲಿಲ್ಲ. ನರಸಪ್ಪ ಹಿಡಿದಿದ್ದ ಕುರಿಯನ್ನು ಬಿಟ್ಟು, ಅವನ ತಲೆಯ ಮೇಲೆ ಕೈಯಿಟ್ಟಿದ್ದು ಮಾತ್ರ ಕಂಡಿತು.