ಚಿಕ್ಕತಾಯಮ್ಮನ ಎಡಗೆನ್ನೆ, ಬಲಗೆನ್ನೆ

ತಾಳವಾಡಿ ಬಸ್‌ಸ್ಟ್ಯಾಂಡಿನ ಎದುರು ದೋಸೆ ಹೋಟೆಲು ನಡೆಸುವ ಚಿಕ್ಕತಾಯಮ್ಮನ ಎರಡೂ ಕೆನ್ನೆಯ ಮೇಲೆ ಸಣ್ಣ ಕೆಂಪು ನರಗಳು ಹರಡಿಕೊಂಡು ಬಹಳ ಕಾಲವಾಗಿತ್ತು. ಗಿರಾಕಿಗಳು ಮೊದಲು ಕಾವಲಿಯ ಕಾವು ಅಂದರು. ಆಮೇಲೆ, ಸಂಜೆ ಒಂದು ಗುಟುಕು ಹಾಕುತ್ತಾಳೆ ಅಂದರು. ಈ ಮಾತು ಕಿವಿಗೆ ಬಿದ್ದ ದಿನವೇ ಅವಳು ಲೇಸರ್ ಮಾಡಿಸಿಕೊಳ್ಳಲು ತೀರ್ಮಾನಿಸಿದಳು.

ಎಲ್ಲಿ ಎಂಬುದೇ ತಕರಾರು. ಗಂಡ ಲಿಂಗಯ್ಯನಿಗೆ ಮೈಸೂರೇ ಆಗಬೇಕು. ಅಲ್ಲಿ ಅವನ ತಂಗಿಯ ಮನೆ, ಮೇಲಾಗಿ ಕನ್ನಡದ ಡಾಕ್ಟರು. ಅವಳ ತಮ್ಮ ಪುಟ್ಟರಾಜು ಕೊಯಮತ್ತೂರಿನಲ್ಲಿ ಲಾರಿ ಓಡಿಸುವವನು. ಅಲ್ಲಿಯ ಮಿಷನ್ನೇ ಹೊಸದು ಎಂದು ಅವನ ವಾದ.

"ಬಾವ, ಮೈಸೂರಿನ ಲೇಸರ್ ಒಡುದ್ರೆ ಮುಖ ಎಲ್ಲ ಕಪ್ಪಿಡ್ತದಂತೆ."

"ನಿಮ್ದು ಮೂರು ಸಲ ಒಡೀಬೇಕಂತೆ ಕಣ್ಲಾ. ಅದೇನು ಲೇಸರೋ, ಮತ್ಮತ್ತೆ ಆಕ್ಸೋ ಪೋಲಿಯೋ ಅನಿಯೋ."

ಅವಳ ಮುಖದ ಬಗ್ಗೆ ಅಷ್ಟು ಮಾತಾಡಿದ ಇಬ್ಬರೂ ಅವಳ ಮುಖವನ್ನು ಒಮ್ಮೆಯೂ ನೋಡಲಿಲ್ಲ.

"ಎಡಗೆನ್ನೆ ಮೈಸೂರಿಗೆ, ಬಲಗೆನ್ನೆ ಕೊಯಮತ್ತೂರಿಗೆ. ಈಗ ಸುಮ್ಕಿರಿ," ಎಂದಳು ಚಿಕ್ಕತಾಯಮ್ಮ.

ಅರ್ಧ ಮುಖಕ್ಕೆ ಸಾಕು ಅಂದಾಗ ಮೈಸೂರಿನ ಡಾಕ್ಟರಮ್ಮ ನಕ್ಕರು. ಈ ಹಳದಿ ಬೆಳಕು ರಕ್ತದ ಕೆಂಪನ್ನೇ ಹುಡುಕಿಕೊಂಡು ಹೋಗಿ ಸುಡುತ್ತದೆ, ಒಂದು ವಾರ ಕಂದಿರುತ್ತದೆ ಎಂದು ತಿಳಿಸಿದರು. ಹೇಳಿದಂತೆಯೇ ಕೆನ್ನೆ ಬದನೆಕಾಯಿ ಬಣ್ಣಕ್ಕೆ ತಿರುಗಿತು.

ಮರುದಿನವೇ ಮಹಿಳಾ ಸಂಘದ ಬೊಮ್ಮಮ್ಮ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಲಿಂಗಯ್ಯನನ್ನು ಹುಡುಕಿ ಬಂದಳು.

"ಯಾಕಪ್ಪಾ ಎಂಡ್ತಿಗೆ ಒಡ್ದೆ?"

"ನಾ ಒಡ್ದಿಲ್ಲ ಕಣವ್ವಾ. ಲೇಸರ್ ಒಡುದದ್ದು."

"ಓದ್ಸಲ ಒಬ್ಬ ಬಾಗ್ಲು ಒಡೀತು ಅಂದ. ಈಗ ಲೇಸರಾ?"

ಲಿಂಗಯ್ಯ ಸಾಕ್ಷಿಗಾಗಿ ಹೆಂಡತಿಯತ್ತ ನೋಡಿದ. ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದ ಚಿಕ್ಕತಾಯಮ್ಮನಿಗೆ, ಸಾಂಬಾರಿಗೆ ಉಪ್ಪು ಜಾಸ್ತಿಯೆಂದು ಗಿರಾಕಿಗಳ ಮುಂದೆ ಅವನು ಕೂಗಾಡಿದ್ದೆಲ್ಲ ನೆನಪಾಯಿತು. ಅವನು ಎರಡು ಸಲ ಬೆವರು ಒರೆಸಿಕೊಳ್ಳುವವರೆಗೂ ಕಾದಳು.

"ಇಲ್ಲ ಕಣಕ್ಕಾ, ಡಾಕ್ಟ್ರೇ ಮಾಡಿದ್ದು."

ಬೊಮ್ಮಮ್ಮ ಪೂರ್ತಿ ನಂಬಲಿಲ್ಲ. ಆ ವಾರವೆಲ್ಲ ದಿನಕ್ಕೊಮ್ಮೆ ಬಂದು ಇಣುಕಿದಳು. ಲಿಂಗಯ್ಯ ಎಲ್ಲರಿಗೂ ಕಾಣುವಂತೆ ತಟ್ಟೆ ತೊಳೆದ. ಮದುವೆಯಾದಾಗಿನಿಂದ ಚಿಕ್ಕತಾಯಮ್ಮ ಇಷ್ಟು ಸುಖವಾಗಿ ಇದ್ದದ್ದಿಲ್ಲ.

ಕೊಯಮತ್ತೂರಿನದು ಬೇರೆ ಕಥೆ. ಕೆನ್ನೆ ಕಂದಲಿಲ್ಲ, ಆದರೆ ಒಂದೊಂದು ಏಟೂ ಕಾದ ಎಣ್ಣೆ ಸಿಡಿದಂತೆ. ಮೂರು ಸಲ ದಿಂಬಂ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಯಾಚೆ ತಲೆ ಹಾಕಿ ವಾಂತಿ ಮಾಡಿಕೊಂಡು ಹೋಗಿಬಂದಳು.

ಕೊನೆಗೆ ಎಡಗೆನ್ನೆಯ ನರಗಳೆಲ್ಲ ಮಾಯವಾಗಿ ಸಣ್ಣದೊಂದು ಕಂದು ಕಲೆ ಉಳಿಯಿತು. ಬಲಗೆನ್ನೆಗೆ ಕಲೆಯಿಲ್ಲ, ಮೂಗಿನ ಪಕ್ಕದಲ್ಲಿ ಹಟಮಾರಿ ನರವೊಂದು ಉಳಿಯಿತು. ಕಲೆ ವಾಸಿಯೋ ನರ ವಾಸಿಯೋ ಎಂದು ಬಾವ ಬಾಮೈದ ಮತ್ತೆ ಶುರು ಮಾಡಿದರು.

"ಎರಡೂರಿನ ಡಾಕ್ಟ್ರೂ ಒಂದೇ ಮಾತು ಏಳವ್ರೆ," ಎಂದಳು ಚಿಕ್ಕತಾಯಮ್ಮ. "ಕಾವಲಿ ಮುಂದೆ ನಿಲ್ಬ್ಯಾಡ ಅಂತ."

ಸಟ್ಟುಗವನ್ನು ಗಂಡನ ಕೈಗಿಟ್ಟಳು, ಹಿಟ್ಟಿನ ಪಾತ್ರೆಯನ್ನು ತಮ್ಮನ ಮುಂದೆ ತಳ್ಳಿದಳು, ಗಲ್ಲಾದ ಹತ್ತಿರ ಫ್ಯಾನಿನ ಕೆಳಗೆ ಕಾಲು ಚಾಚಿ ಕೂತಳು. ಆ ಬೆಳಿಗ್ಗೆ ದೋಸೆ ತಿಂದವರು ಯಾರೂ ಅವಳ ಕೆನ್ನೆಯ ಸುದ್ದಿ ಎತ್ತಲಿಲ್ಲ. ದೋಸೆಯ ಬಗ್ಗೆಯೇ ಹೇಳುವುದು ಬೇಕಾದಷ್ಟಿತ್ತು.